ಕೊಯ್ಲು ಯಂತ್ರಕ್ಕೆ ಹಾಕಿದ ಟವೆಲ್

ಗದಗ ಹೊಸ ಜಿಲ್ಲೆಯಾಗಿ ಹತ್ತು ಹನ್ನೆರಡು ವರ್ಷ ಕಳೆದಿದ್ದವು. ನಾನಾಗ ಗದಗ-ಬೆಟಗೇರಿಯ ಒಂದು ರೈತರ ಸಹಕಾರಿ ಸಂಘದಲ್ಲಿ ಕಂಪ್ಯೂಟರ್ ವಿಭಾಗದ ಮೇಲ್ವಿಚಾರಕ. ವಿಭಾಗದಲ್ಲಿ ಇದ್ದವನು ನಾನೊಬ್ಬನೇ. ನನ್ನ ಜೊತೆಗೇ ಕೆಲಸಕ್ಕೆ ಸೇರಿದ್ದ ಈರಣ್ಣ ಲಕ್ಷ್ಮೇಶ್ವರ ಶಾಖೆಯ ಮ್ಯಾನೇಜರ್ ಆಗಿದ್ದ. ಅವನಿಗೆ ಜೀಪು, ತಿರುಗುವ ಕುರ್ಚಿ, ಹೋದಲ್ಲೆಲ್ಲ ಶೇಂಗಾ ಹೋಳಿಗೆ. ನನಗೆ ಕಿಟಕಿಯಿಲ್ಲದ ಸರ್ವರ್ ಕೋಣೆ. ಹೊಟ್ಟೆ ಉರಿಯುತ್ತಿತ್ತು; ಮುಚ್ಚಿಡುವುದೇನಿದೆ?

ಸಂಘಕ್ಕೆ ಇದ್ದದ್ದು ಒಂದೇ ಕೊಯ್ಲು ಯಂತ್ರ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಶಾಖೆಗಳು ಅದಕ್ಕಾಗಿ ಫೋನಿನಲ್ಲಿ ಕಿತ್ತಾಡುತ್ತಿದ್ದವು. ನಾನು ಇಮೇಲ್ ಸರ್ವರ್‌ನಲ್ಲಿ ಯಂತ್ರದ ಹೆಸರಿಗೇ ಒಂದು ಮೇಲ್‌ಬಾಕ್ಸ್ ತೆರೆದು, ಅದರ ಕ್ಯಾಲೆಂಡರನ್ನು ಮೂರೂ ಶಾಖೆಗಳಿಗೆ ಹಂಚಿದೆ. ಖಾಲಿ ದಿನವನ್ನು ಯಾರು ಬೇಕಾದರೂ ಹಿಡಿಯಬಹುದು, ಹಿಡಿದವರೇ ಬಿಡಬೇಕು. ಕ್ಯಾಲೆಂಡರಿನಲ್ಲಿ ಇದ್ದದ್ದೇ ಅಂತಿಮ ಎಂದು ಅಧ್ಯಕ್ಷರ ಆದೇಶವೂ ಆಯಿತು.

ಮರುದಿನ ತೆರೆದು ನೋಡಿದರೆ ಇಡೀ ಸುಗ್ಗಿ ಭರ್ತಿ. ಮುಕ್ಕಾಲು ಪಾಲು ಈರಣ್ಣನದು, ಉಳಿದದ್ದು ಶಿರಹಟ್ಟಿಯವರದು. ಮುಂಡರಗಿಗೆ ಒಂದು ದಿನವೂ ಉಳಿದಿರಲಿಲ್ಲ. ಇಲ್ಲಿಯೂ ಅವನೇ ಮುಂದೆ ಎಂದು ಹಲ್ಲು ಕಡಿದೆ.

ಸುಗ್ಗಿ ಶುರುವಾದಾಗ ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿಯಿಂದ ಇಮಾಮಸಾಬರೆಂಬ ವಯಸ್ಸಾದ ರೈತರು ಕಚೇರಿಗೆ ಬಂದರು. ಹೊಳೆದಂಡೆಯ ಅವರ ಭತ್ತ ಹಣ್ಣಾಗಿ ನಿಂತಿತ್ತು. ಮೋಡ ಕಟ್ಟಿತ್ತು. ಕೊಯ್ಯುವ ಆಳುಗಳು ಸಿಕ್ಕಿರಲಿಲ್ಲ. ನಾನು ಪರದೆ ತೋರಿಸಿ, ಯಂತ್ರ ಖಾಲಿ ಇಲ್ಲ ಎಂದೆ.

ಅವರು ಹಿತ್ತಲಿನ ಕಡೆ ಕೈ ಮಾಡಿದರು. "ಮಷಿನ್ ಅಲ್ಲೇ ನಿಂತೈತಲ್ರಿ ಸಾಹೇಬ್ರ! ಖಾಲಿ ಇಲ್ಲ ಅಂದ್ರ ಹೆಂಗ್ರಿ?"

ಆ ವಾರವಿಡೀ ಇದ್ದ ಈರಣ್ಣನ ಬುಕಿಂಗನ್ನು ನಾನೇ ಅಳಿಸಬಹುದಿತ್ತು. ಕೈ ತುರಿಸುತ್ತಿತ್ತು. ಆದರೆ ಒಮ್ಮೆ ಕೈಯಾಡಿಸಿದರೆ ಆ ಕ್ಯಾಲೆಂಡರನ್ನು ಮತ್ತೆ ಯಾರೂ ನಂಬುವುದಿಲ್ಲ. ಫೋನ್ ಮಾಡಿದೆ.

"ಲೇ ಈರಣ್ಣ, ನಿಮ್ಮ ಕಡಿ ಬೆಳಿ ಹಣ್ಣಾಗೇತೇನು?"

"ಇನ್ನಾ ಹಸಿರೈತಿ. ಬಿಟ್ರ ಶಿರಹಟ್ಟಿಯವ್ರು ಹೊಡ್ಕೊಂಡು ಹೊಕ್ಕಾರಲೇ! ಸೀಟು ಹಿಡಿಯಾಕ ಬಸ್ಸಿನ ಕಿಟಕಿಯಾಗ ಟವೆಲ್ ಒಗದಂಗ ಒಗದೀನಿ."

"ಮುದುಕರು ಬಂದು ನಿಂತ್ರ ಟವೆಲ್ ತಗೀತಿ ಹೌದಿಲ್ಲೋ? ಇಲ್ಲಿ ಕೊರ್ಲಹಳ್ಳಿಯವ್ರು ನಿಂತಾರ ನೋಡು."

ಅವನು ಫೋನ್ ಇಟ್ಟ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಅವನ ಹೆಸರು ಆ ವಾರದಿಂದ ಮಾಯವಾಯಿತು. ಮುಂಡರಗಿಯವರು ಕೂಡಲೇ ಹಿಡಿದರು. ಇಮಾಮಸಾಬರ ಭತ್ತ ಮನೆ ಸೇರಿದ ಮೇಲೆಯೇ ಮಳೆ ಬಿತ್ತು.

ಆಮೇಲೆ ನಾನು ನಿಯಮ ತಿದ್ದಿದೆ. ಬೆಳೆ ಹಣ್ಣಾಗಿದೆ ಎಂದು ಶಾಖೆ ಖಚಿತಪಡಿಸದಿದ್ದರೆ ಬುಕಿಂಗ್ ತಾನಾಗಿಯೇ ರದ್ದಾಗುತ್ತಿತ್ತು. ಎಲ್ಲರೂ ಬಳಸುವ ವಸ್ತುವಿಗೆ ಹಿಡಿಯುವ ದಾರಿಗಿಂತ ಮೊದಲು ಬಿಡುವ ದಾರಿ ಮಾಡಬೇಕು. ನೌಕರಿ ಕಲಿಸಿದ್ದು ಇದನ್ನೇ.

ಇಮಾಮಸಾಬರು ಹೊಸ ಅಕ್ಕಿಯ ಚೀಲ ಕಳಿಸಿದರು. ತನ್ನ ದಿನ ಬಿಟ್ಟುಕೊಟ್ಟ ದೊಡ್ಡ ಮನುಷ್ಯನಿಗೆ, ಲಕ್ಷ್ಮೇಶ್ವರಕ್ಕೆ. ಈರಣ್ಣ ಅದರಲ್ಲಿ ಅರ್ಧವನ್ನು ನನ್ನ ಮನೆಗೆ ತಂದುಕೊಟ್ಟ. ಆ ಅನ್ನ ಬಹಳ ರುಚಿಯಾಗಿತ್ತು. ಅವನು ಕೊಟ್ಟದ್ದೆಂಬುದೊಂದೇ ಗಂಟಲಲ್ಲಿ ಇಳಿಯಲಿಲ್ಲ.