ನೀಲಿ ದುಪ್ಪಟಿಯ ಹಿಂದಿನ ಅಂಗಡಿ

ನನಗೆ ಬಾಯಿ ಮುಂದೆ, ಬುದ್ಧಿ ಹಿಂದೆ. ಇಲ್ಲದಿದ್ದರೆ ಜುಬೇದಮ್ಮನವರು ಒಂದು ಫೋಟೋ ಕೇಳಿದಾಗ ‘ನೋಡೋಣ’ ಎಂದು ಜಾರಿಕೊಳ್ಳಬಹುದಿತ್ತು. ‘ಒಂದೇ ವಾರ ಕಣಮ್ಮ, ತಂದು ಕೈಗಿಡ್ತೀನಿ’ ಎಂದುಬಿಟ್ಟೆ. ಆ ವಾರ ಮುಗಿದು ಐದು ತಿಂಗಳಾಯಿತು.

ಅವರು ಕೇಳಿದ್ದು ಶಿರಾದ ನಮ್ಮ ಬೀದಿಯ ಮೂಲೆಯಲ್ಲಿದ್ದ ಬಾಷಾ ಸಾಬರ ಅಂಗಡಿಯ ಫೋಟೋ. ಸಾಬರು ಜುಬೇದಮ್ಮನ ಯಜಮಾನರು. ರಸ್ತೆ ಅಗಲವಾದಾಗ ಅಂಗಡಿ ಹೋಯಿತು, ಮರುವರ್ಷ ಸಾಬರೂ ಹೋದರು. ಈಗ ಅಲ್ಲಿ ಬಸ್ಸುಗಳು ತಿರುಗುತ್ತವೆ. ಇದೆಲ್ಲ ಆದ ಮೇಲೆ ಹುಟ್ಟಿದ ಮೊಮ್ಮಗಳು ಶಬಾನಾ ಒಂದು ದಿನ, ‘ದಾದಿ, ನಮ್ಗೆ ನಿಜವಾಗ್ಲೂ ಅಂಗಡಿ ಇತ್ತಾ, ಇಲ್ಲಾ ಬರೀ ಕತೆ ಹೇಳ್ತೀಯಾ?’ ಎಂದಳಂತೆ. ಮುದುಕಿಗೆ ಆ ಮಾತು ನಾಟಿತು. ಮನೆಯಲ್ಲಿ ಸಾಬರದ್ದೆಂದು ಇರುವುದು ಗುರುತಿನ ಚೀಟಿಯ ಫೋಟೋ ಒಂದೇ.

“ಅದ್ರಾಗೆ ಅವ್ರು ಯಾರ್ದೋ ಮನೆಗೆ ಕನ್ನ ಹಾಕಿ ಸಿಕ್ಕಾಕ್ಕೊಂಡಂಗವ್ರೆ ಮೇಷ್ಟ್ರೇ. ಅಂಗಡೀಲಿ ಇದ್ದಂಗೇ ಒಂದು ಬೇಕು. ಆ ಮಗು ನನ್ನ ಮಾತು ನಂಬ್ಬೇಕು, ಅಷ್ಟೇ.”

ನಾನು ಡ್ರಾಯಿಂಗ್ ಮೇಷ್ಟ್ರು. ಫೋಟೋ ಯಾಕೆ, ಬರೆದೇ ಕೊಡೋಣ ಎಂದು ಮೊದಲು ಪೆನ್ಸಿಲ್ ಹಿಡಿದು ಕೂತೆ. ಗಾಜಿನ ಭರಣಿಗಳು ಎಡಕ್ಕಿದ್ದವೋ ಬಲಕ್ಕೋ? ಬಾಗಿಲ ಹಲಗೆ ಹಸಿರೋ, ಕಂದೋ? ದಿನಕ್ಕೆ ಮೂರು ಸಲ ಹೋಗುತ್ತಿದ್ದ ಅಂಗಡಿ! ಎರಡು ಗಂಟೆ ಹೆಣಗಿ ಮುಗಿಸಿದ್ದನ್ನು ಹೆಂಡತಿ ನೋಡಿ, ‘ಬಸ್‌ಸ್ಟಾಂಡಾ?’ ಎಂದು ಕೇಳಿದಳು. ‘ಕಣ್ಣು ಬಿಟ್ಟು ನೋಡಿ ಬರೀರೋ’ ಎಂದು ಮಕ್ಕಳ ಕಿವಿ ಹಿಂಡಿದ್ದೆಲ್ಲ ನೆನಪಾಗಿ ನನ್ನ ಕಿವಿಯೇ ಬಿಸಿಯಾಯಿತು.

ಸರಿ, ಫೋಟೋ ಹುಡುಕಲು ಹೊರಟೆ. ನಮ್ಮ ಕಡೆ ಆಲ್ಬಂ ನೋಡುವುದಕ್ಕೊಂದು ಶಾಸ್ತ್ರವಿದೆ ಎಂಬುದು ಆಗ ತಿಳಿಯಿತು. ಬೇಕಾದ ಪುಟವನ್ನು ನೇರವಾಗಿ ತೆರೆಯುವಂತಿಲ್ಲ. ಮದುವೆ ಚಪ್ಪರದ ಕಂಬದಿಂದ ಶುರುಮಾಡಿ, ಪ್ರತಿ ಪುಟಕ್ಕೂ ‘ಇವರು ಯಾರು?’ ಎಂದು ಕೇಳಿ, ಅವರಿಗೆ ಸಕ್ಕರೆ ಕಾಯಿಲೆ ಬಂದ ಬಗೆಯನ್ನು ಕೇಳಿ, ಉಪ್ಪಿಟ್ಟು ತಿಂದು ಮುಂದೆ ಹೋಗಬೇಕು. ತೋವಿನಕೆರೆಯಲ್ಲಿ ಮಗಳ ಮನೆ ಸೇರಿರುವ ನಮ್ಮ ಹಳೆಯ ನೆರೆಯವರು ಸಿದ್ದಲಿಂಗಮ್ಮ ಹೀಗೆ ಮೂರು ಗಂಟೆ ಕೂರಿಸಿದರು. ಕೊನೆಗೂ ಮೆರವಣಿಗೆ ನಮ್ಮ ಮೂಲೆಗೆ ಬಂತು. ಅಂಗಡಿ ಇರಬೇಕಾದ ಜಾಗದಲ್ಲಿ ವಾಲಗದವನ ಡೋಲು ಇತ್ತು. “ಡೋಲಿನ ಹಿಂದ್ಕೇ ಐತಲ್ಲಪ್ಪ ಅಂಗಡಿ” ಎಂದು ಅವರು ಧೈರ್ಯ ಹೇಳಿದರು. ಮಧುಗಿರಿಯಲ್ಲಿ ಇನ್ನೊಬ್ಬರ ಬಳಿ ನಿಜಕ್ಕೂ ಅಂಗಡಿಯ ಫೋಟೋ ಇತ್ತಂತೆ. ಗಾಜಿನ ಫ್ರೇಮಿಗೆ ಹೊಂದಲಿಲ್ಲ ಎಂದು ಒಂದು ಪಕ್ಕ ಕತ್ತರಿಸಿದ್ದರು. ಯಾವ ಪಕ್ಕ ಎಂದು ನಾನು ಹೇಳಬೇಕಾಗಿಲ್ಲ.

ನನ್ನ ಸಿಟ್ಟು ಯಾರ ಮೇಲೆ ಎಂದು ನನಗೇ ಗೊತ್ತಿಲ್ಲ. ಯಾರದೋ ದನ ಬಿಡಿಸಲು ಹೋಗಿ ಸತ್ತವನಿಗೆ ನಮ್ಮ ಹಿಂದಿನವರು ವೀರಗಲ್ಲು ನೆಟ್ಟರು. ಶಿರಾ ಕೋಟೆಗಂತೂ ಸಾವಿರ ಫೋಟೋ ಉಂಟು. ಆ ಕೋಟೆಯಿಂದ ನನಗೆ ಒಂದು ದಿನ ಒಂದು ಬೆಂಕಿಪೊಟ್ಟಣ ಸಿಕ್ಕಿದ್ದಿಲ್ಲ. ಬೆಳಗ್ಗೆ ಐದಕ್ಕೆ ಬಾಗಿಲು ತೆಗೆದು ಕಾಫಿಪುಡಿ ಕೊಟ್ಟ ಮನುಷ್ಯನ ಕಡೆಗೆ ಮಾತ್ರ ಯಾರೂ ಕ್ಯಾಮೆರಾ ತಿರುಗಿಸಲಿಲ್ಲ.

ತಮಾಷೆಯೆಂದರೆ, ನಮ್ಮ ಬೀದಿಯವರೆಲ್ಲ ಫೋಟೋ ತೆಗೆಸಿಕೊಂಡದ್ದೇ ಆ ಅಂಗಡಿಯ ಮುಂದೆ. ಸ್ಟುಡಿಯೋ ನಾಗಣ್ಣನ ಸ್ಟುಡಿಯೋದೊಳಗೆ ಕತ್ತಲೆ. ‘ಸಾಬರ ಅಂಗಡಿ ಮುಂದೆ ಬೆಳಕು ಚೆನ್ನಾಗೈತೆ’ ಎಂದು ಅವನು ಒಂದು ನೀಲಿ ದುಪ್ಪಟಿ ಹಿಡಿದು ಬರುತ್ತಿದ್ದ. ಒಂದು ತುದಿ ಬಾಗಿಲ ಮೊಳೆಗೆ. ಕೆರೆ ಕಡೆಯ ಗಾಳಿಗೆ ಬಟ್ಟೆ ಹಾರದಂತೆ ಇನ್ನೊಂದು ತುದಿ ಹಿಡಿಯಲು ಸಾಬರೇ ಕೆಳಗಿಳಿದು ಬರಬೇಕು. ಪರೀಕ್ಷೆ ಬರೆಯುವವರು, ಹೆಣ್ಣು ತೋರಿಸುವವರು, ಪಿಂಚಣಿಯವರು, ಎಲ್ಲರ ಬೆನ್ನ ಹಿಂದೆಯೂ ಆ ನೀಲಿಯೇ. ಅಂಗಡಿಯನ್ನು ಇಷ್ಟು ಶ್ರದ್ಧೆಯಿಂದ ಮುಚ್ಚಿ ಫೋಟೋ ತೆಗೆಸಿಕೊಂಡ ಜನ ಬೇರೆಲ್ಲೂ ಇರಲಾರರು.

ನಾಗಣ್ಣ ಈಗ ವೈ.ಎನ್.ಹೊಸಕೋಟೆಯಲ್ಲಿ, ಹೆಂಡತಿಯ ಊರಿನಲ್ಲಿದ್ದಾನೆ. ಎರಡು ಬಸ್ಸು ಬದಲಿಸಿ, ಪಾವಗಡದ ಬಿಸಿಲಿನಲ್ಲಿ ಹಪ್ಪಳವಾಗಿ ಹೋದರೆ, ಹಳೆಯ ನೆಗೆಟಿವ್‌ಗಳೇ ಇಲ್ಲ ಎಂದ. ಯಾವುದೋ ಸೂರ್ಯಗ್ರಹಣದ ದಿನ, ನೋಡಿಕೊಳ್ಳಲಿ ಎಂದು ಬೀದಿಯ ಮಕ್ಕಳಿಗೆಲ್ಲ ಹಂಚಿಬಿಟ್ಟಿದ್ದನಂತೆ! ನಮ್ಮ ಮುಖಗಳನ್ನು ಕಣ್ಣಿಗೆ ಅಡ್ಡ ಹಿಡಿದು ಸೂರ್ಯನನ್ನು ನೋಡಿ, ಚರಂಡಿಗೆ ಎಸೆದು ಅವರು ಊಟಕ್ಕೆ ಹೋಗಿದ್ದರು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ.

“ಏಮಯ್ಯಾ ಮೇಷ್ಟ್ರೇ, ನಿನ್ನತ್ರಾನೇ ಒಂದೈತಲ್ಲ, ಗುರ್ತು ಲೇದಾ?” ಎಂದ ನಾಗಣ್ಣ, ಆ ಕಡೆಯ ತೆಲುಗು ಬೆರೆಸಿ. “ಎಲ್ಲಾರ್ದೂ ಅಂಚು ಕತ್ತರ್ಸಿ, ಬರೀ ಮುಖ ಕೊಡ್ತಿದ್ದೆ ನಾನು. ನೀನೊಬ್ನೇ ‘ನಾನು ಡ್ರಾಯಿಂಗ್ ಮೇಷ್ಟ್ರು, ಸ್ಕೇಲಿಟ್ಟು ನಾನೇ ಕತ್ತರ್ಸ್ಕಂತೀನಿ’ ಅಂತ ಇಡೀ ಹಾಳೆಗಳ್ನೇ ಎತ್ಕೊಂಡೋದೆ. ಏನ್ ಜಂಬ ಕಣಪ್ಪಾ ಆವತ್ತು!”

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳನ್ನು ನಾನು ಇನ್ನು ಆಡಿಕೊಳ್ಳುವುದಿಲ್ಲ. ಮನೆಗೆ ಬಂದು ಸರ್ಟಿಫಿಕೇಟಿನ ಪೆಟ್ಟಿಗೆ ಸುರುವಿದೆ. ಸ್ಕೇಲಿಟ್ಟೂ ಸೊಟ್ಟಗೆ ಕತ್ತರಿಸಿದ ನಾಲ್ಕು ಫೋಟೋ, ಅದಕ್ಕೇ ಹೆದರಿ ಕತ್ತರಿಸದೆ ಬಿಟ್ಟ ಒಂದು. ನಡುವೆ ತಲೆತುಂಬ ಕೂದಲಿದ್ದ ನಾನು. ಹಿಂದೆ ನೀಲಿ. ಮೇಲೆ, ಬಟ್ಟೆ ಸಾಲದ ಕಡೆ, ಒಂದು ತುಂಡು ಹಸಿರು ಹಲಗೆ ಮತ್ತು ತೂಗುಬಿಟ್ಟ ಬಾಳೆಗೊನೆಯ ತುದಿ. ಬಲಗಡೆ ದುಪ್ಪಟಿಯ ಅಂಚನ್ನು ಬಿಗಿಯಾಗಿ ಹಿಡಿದ ನಾಲ್ಕು ಬೆರಳು. ಒಂದರಲ್ಲಿ ಹಸಿರುನೀಲಿ ಫಿರೋಜಾ ಕಲ್ಲಿನ ಬೆಳ್ಳಿ ಉಂಗುರ.

ಹಲಗೆ ಹಸಿರೇ ಆಗಿತ್ತು.

ನಾಚಿಕೆಯಿಂದಲೇ ಕೊಂಡುಹೋದೆ. ಅಂಗಡಿ ಕೇಳಿದರೆ ಬೆರಳು ಕೊಡುವುದು ಹೇಗೆ? ಜುಬೇದಮ್ಮ ಕನ್ನಡಕ ಹಾಕಿಕೊಂಡು ನೋಡಿದರು. ಆಮೇಲೆ ಮೊಮ್ಮಗಳನ್ನು ಕರೆದು, ಬೀರುವಿನಿಂದ ಒಂದು ಚಿಕ್ಕ ಡಬ್ಬಿ ತರಿಸಿದರು. ಅದರಲ್ಲಿ ಆ ಉಂಗುರವೇ ಇತ್ತು. ಶಬಾನಾ ಅದನ್ನು ಫೋಟೋ ಪಕ್ಕ ಇಟ್ಟು ನೋಡಿದಳು, ತನ್ನ ಹೆಬ್ಬೆರಳಿಗೆ ಹಾಕಿಕೊಂಡು ನೋಡಿದಳು, ಮತ್ತೆ ಫೋಟೋ ನೋಡಿದಳು.

“ದಾದಿ, ಬಾಳೆಹಣ್ಣೂ ಮಾರ್ತಿದ್ರಾ ದಾದಾ?”

ಜುಬೇದಮ್ಮನ ಮುಖ ನೋಡಬೇಕಿತ್ತು. ಐದು ತಿಂಗಳ ನನ್ನ ರೇಗಾಟವೆಲ್ಲ ಅಲ್ಲೇ ಕರಗಿತು. ಅವರು ಕಣ್ಣೊರೆಸಿಕೊಂಡು, ಸ್ವಲ್ಪ ಸಂಕೋಚದಿಂದ ನನ್ನ ಕಡೆ ತಿರುಗಿದರು.

“ಮೇಷ್ಟ್ರೇ, ಬೇಜಾರ್ ಮಾಡ್ಕಬ್ಯಾಡಿ. ಇದ್ನ ಗೋಡೆಗೆ ಹಾಕಾಣ ಅಂತ. ಆದ್ರೆ ಮಧ್ಯಕ್ಕೆ ನೀವೇ ಕುಂತಿದ್ದೀರಲ್ಲ...”

ನಾನು ಕತ್ತರಿ ತರಿಸಿದೆ. ಸ್ಕೇಲು ಬೇಡವೆಂದೆ. ಬೆರಳು, ಉಂಗುರ, ಹಲಗೆ, ಬಾಳೆಗೊನೆ ಎಲ್ಲವನ್ನೂ ಉಳಿಸಿ, ನನ್ನನ್ನು ಮಾತ್ರ ಆಚೆಗೆ ತೆಗೆದೆ. ಮೂವತ್ತು ವರ್ಷ ಡ್ರಾಯಿಂಗ್ ಕಲಿಸಿದ ನಾನು ನೇರವಾಗಿ ಕತ್ತರಿಸಿದ್ದು ಅದೊಂದೇ ಸಲ.