ಹೆಸರು ಕೂಗುವ ಆರ್ಡಿತ್

“ಆರ್ಡಿತ್ ಅಂಗಾಲಲ್ಲಿ ಇರುವೆ ಸಾಕ್ಕೊಂಡವ್ಳೆ, ಕೂತಲ್ಲಿ ಕೂರಲ್ಲ” ಎನ್ನುತ್ತಿದ್ದರು ಡುಲೂತ್‌ನ ನೆರೆಯವರು. ಊರಿನ ಮುಂದಿನ ಸುಪೀರಿಯರ್ ಸರೋವರದಲ್ಲಿ ಹಡಗು ಕಂಡಿತೆಂದು ಹಡಗು ನೋಡುವವರ ಆನ್‌ಲೈನ್ ಬಳಗದಲ್ಲಿ ಯಾರಾದರೂ ಬರೆದರೆ ಸಾಕು, ಒಲೆಯ ಮೇಲೆ ಸೂಪು ಉಕ್ಕಿದರೂ ಸರಿಯೇ, ಆಕೆ ಆ ಬರಹದ ಕೆಳಗೆ ಎಲ್ಲ ಸದಸ್ಯರ ಹೆಸರು ಹಾಕಿ ಕರೆಯುವಳು. ಅವರವರ ಫೋನು ಗುಂಯ್‌ಗುಡುವುದು. ಆಕೆಯ ಹೆಸರನ್ನು ಮಾತ್ರ ಯಾರೂ ಹಾಕಿದ್ದಿಲ್ಲ. ಕೂಗುವವಳನ್ನು ಕೂಗುವವರು ಯಾರು?

ಈಗ ಮನೆ ಮಾರಿ, ದೂರದ ಅರಿಜೋನಾದ ತಂಗಿಯ ಬಳಿಗೆ ಹೊರಟಿದ್ದಳು. ಹೆಸರು ಹಾಕುವ ಕೆಲಸ ಬಳಗದ ಸದಸ್ಯ ಗೋರ್ಡಿಯ ಪಾಲಾಗಿತ್ತು.

“ಯಾರನ್ನೂ ಮರೀಬೇಡ ಕಣೋ, ಸೋಂಬೇರಿ!” ಎಂದು ಬೆಳಗಿನಿಂದ ಅವನಿಗೆ ಫೋನು ಮಾಡುತ್ತಲೇ ಇದ್ದಳು.

“ಹಡಗಿಗೂ ಇಷ್ಟು ಅವಸರ ಇಲ್ಲ, ಸುಮ್ನೆ ಹೊರಡವ್ವ.”

ಬೀಗ ಹಾಕುವಾಗ ಕೋಟಿನ ಜೇಬು ಗುಂಯ್‌ಗುಟ್ಟಿತು. ಬಳಗದ ಹೊಸ ಬರಹದ ಕೆಳಗೆ ಗೋರ್ಡಿ ಹಾಕಿದ ಮೊದಲ ಹೆಸರೇ ಆರ್ಡಿತ್: “ಹಡಗು ಬರ್ತಿದೆ, ಸೇತುವೆ ಹತ್ರ ನೋಡ್ಕೊಂಡೇ ಹೋಗು.”

ಆಕೆ ಮನೆಯತ್ತ ತಿರುಗಿಯೂ ನೋಡದೆ ಸೇತುವೆಯ ಕಡೆಗೆ ಬಿರಬಿರನೆ ಇಳಿಜಾರು ಇಳಿದಳು.