ಮೀಸಲು ಎಮ್ಮೆಗೆ ಹಚ್ಚಿದ ಎಣ್ಣೆ

ನಮ್ಮ ಎಮ್ಮೆಯ ಕೆಚ್ಚಲು ಸುಟ್ಟದ್ದು ಖಾಸಿಂ ಕಾಕಾನ ಎಣ್ಣೆಯಲ್ಲ, ನಾನು. ಅವನು ಹೇಳಿದಂತೆ ಹಚ್ಚಲಿಲ್ಲ. ಹೇಳಿದಂತೆಯೇ ಹಚ್ಚಿದೆ ಅಂತ ಸುಳ್ಳು ಹೇಳಿದೆ. ಇಷ್ಟನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ನಾನು ನಿಂಬರ್ಗಾದವಳು. ಅಪ್ಪ ಪುರಾಣ ಓದುವಾಗ ಮಗ್ಗುಲಲ್ಲಿ ಕೂತು ಅಕ್ಷರ ಕಲಿತೆ. ಮಾತು ಕಲಿತದ್ದು ಅಜ್ಜಿಯ ಹತ್ತಿರ. ‘ಮಾತು ಮನಿ ಕೆಡಿಸ್ತು, ತೂತು ಒಲಿ ಕೆಡಿಸ್ತು’ ಅಂತ ಅಜ್ಜಿ ರೊಟ್ಟಿ ಬಡಿಯುತ್ತ ನೂರು ಸಲ ಹೇಳಿದ್ದಳು. ನನ್ನ ಮಾತು ನಮ್ಮ ಮನೆ ಕೆಡಿಸಲಿಲ್ಲ — ಅದೇ ದುಃಖ. ನಮ್ಮ ಮನೆ ಚೆನ್ನಾಗಿಯೇ ಇತ್ತು, ಕೆಟ್ಟದ್ದು ಬೇರೆಯವರದು.

ಮದುವೆಯಾಗಿ ಅಫಜಲಪುರದ ಆಚೆ ಭೀಮಾ ದಂಡೆಯ ಊರಿಗೆ ಬಂದೆ. ಊರ ಹಿಂದೆ ಒಂದು ಸಣ್ಣ ಗುಡ್ಡ, ಕಲ್ಲು ಮರಡಿ; ಅದರ ಮೈತುಂಬ ರೂಸಾ ಹುಲ್ಲು. ಮಳೆಗಾಲ ಮುಗಿದು ಹುಲ್ಲಿನ ತೆನೆ ಕೆಂಪಾಗುವ ಹೊತ್ತಿಗೆ ಖಾಸಿಂ ಕಾಕಾ ಕತ್ತೆಯ ಮೇಲೆ ತಾಮ್ರದ ಹಂಡೆ ಹೇರಿಕೊಂಡು, ಮಗಳು ಬಿಜಾನ್‌ಬಿಯನ್ನು ಕರೆದುಕೊಂಡು ಬರುತ್ತಿದ್ದ. ಹಳ್ಳದ ದಂಡೆಗೆ ಭಟ್ಟಿ ಹೂಡುವನು. ಹುಲ್ಲು ಕೊಯ್ದು ಹಂಡೆಯಲ್ಲಿ ತುಂಬಿ ಕುದಿಸಿದರೆ ಉಗಿ ಕೊಳವೆ ಹಿಡಿದು ಬಂದು ಹಳ್ಳದ ತಂಪಿಗೆ ನೀರಾಗುತ್ತಿತ್ತು. ಆ ನೀರಿನ ಮೇಲೆ ತೆಳ್ಳಗೆ ಎಣ್ಣೆ ತೇಲುತ್ತಿತ್ತು. ಗುಲಾಬಿಯ ವಾಸನೆ. ಎಣ್ಣೆ ಹೈದರಾಬಾದಿನ ಅತ್ತರಿನವರಿಗೆ ಹೋಗುತ್ತಿತ್ತು. ಆದರೆ ಊರಿನ ದನಗಳಿಗೆ ಅಂತ ಒಂದು ಬಾಟ್ಲಿ ಬೇರೆಯೇ ಇಡುತ್ತಿದ್ದ. ನೊಗ ತಿಕ್ಕಿ ಹೆಗಲು ಹುಣ್ಣಾದ ಎತ್ತು, ಕೆಸರಿನಲ್ಲಿ ಗೊರಸು ಕೊಳೆತ ಎತ್ತು — ಎಲ್ಲ ಅವನ ಹತ್ತಿರ. ಕೀವು ಕಟ್ಟುವ ಹುಣ್ಣಿಗೆ ಆ ಎಣ್ಣೆ ವೈರಿ ಅಂತ ಊರಿಗೇ ಗೊತ್ತಿತ್ತು.

ಆ ವರ್ಷ ನಮ್ಮ ಎಮ್ಮೆ ಈಯಿತು. ನಮ್ಮಲ್ಲಿ ಎಮ್ಮೆ ಈದರೆ ದೇವರ ಪಾಲಿನ ಬೆಣ್ಣೆ ಕೂಡುವ ತನಕ ಅದರ ಹಾಲು ಮೀಸಲು. ಯಾರೂ ಬಾಯಿಗೆ ಇಡುವಂತಿಲ್ಲ, ಬೇರೆ ಹಾಲಿನ ಒಂದು ಹನಿ ಕೂಡ ಬೆರೆಯುವಂತಿಲ್ಲ. ಆ ಹಾಲಿನ ಗಡಿಗೆ ಕಾಯುವ ಕೆಲಸ ಅತ್ತೆ ನನಗೆ ಒಪ್ಪಿಸಿದ್ದರು. ಹೊಸ ಸೊಸೆಗೆ ಅದು ದೊಡ್ಡ ಮರ್ಯಾದೆ. ಅಷ್ಟರಲ್ಲಿ ಎಮ್ಮೆಯ ಮೊಲೆತೊಟ್ಟು ಸೀಳಿ ಕೀವಾಯಿತು. ಹಿಂಡಲು ಕೂತರೆ ಒದೆಯುತ್ತಿತ್ತು. ಅತ್ತೆ ನನ್ನನ್ನು ಹಳ್ಳಕ್ಕೆ ಕಳಿಸಿದರು.

ಕಾಕಾ ಸಣ್ಣ ಬಾಟ್ಲಿ ಕೈಗೆ ಕೊಟ್ಟು ಹೇಳಿದ: “ಬರೇ ಎಣ್ಣಿ ಹಚ್ಚಬ್ಯಾಡ ಬೇಟಿ, ಭಾಳ ಖಾರ ಅದ. ಒಂದ್ ಬಟ್ಲ ಕುಸುಬಿ ಎಣ್ಣ್ಯಾಗ ನಾಕೈದು ಹನಿ ಬೆರಸು. ಬೇವಿನ ನೀರಿಲೆ ತೊಳದು ಹಚ್ಚು.” ಆಮೇಲೆ ನಕ್ಕ: “ನಿಮ್ಮ ಅತ್ತಿಗಿ ಹೇಳು, ಇವತ್ತ ಎಮ್ಮಿ ಅತ್ತರ್ ಹಚ್ಕೊಂಡದ, ಬೈಬ್ಯಾಡ್ರಿ ಅಂತ.”

ನಾನು ಕೇಳಿದ್ದೆ. ಕಿವಿಯಾರೆ ಕೇಳಿದ್ದೆ. ಆದರೆ ಮನೆಗೆ ಬಂದು ಕುಸುಬಿ ಎಣ್ಣೆಯ ಗಡಿಗೆಗೆ ಕೈ ಹಾಕಿದಾಗ ತಲೆಯಲ್ಲಿ ಒಂದೇ ಮಾತು — ಬೆರಕೆ. ಮೀಸಲು ಎಮ್ಮೆಯ ಕೆಚ್ಚಲಿಗೆ ಬೆರಕೆ ಎಣ್ಣೆಯೇ? ಹಾಲಿಗಿರುವ ಕಟ್ಟುಪಾಡು ಮದ್ದಿಗೂ ಇರಬೇಕು ಅಂದುಕೊಂಡೆ. ಉರಿದರೆ ಉರಿಯಲಿ, ಉರಿದಷ್ಟು ಗುಣ ಅಂತ ದೊಡ್ಡವರು ಹೇಳುವುದಿಲ್ಲವೇ — ಬರಿಯ ಎಣ್ಣೆಯನ್ನೇ ಅಂಗೈಗೆ ಸುರಿದುಕೊಂಡು ಬಳಿದೆ. ನನ್ನ ಅಂಗೈ ಚುರ್ ಅಂದಿತು. ಆಗಲಾದರೂ ತಿಳಿಯಬೇಕಿತ್ತು.

ಬೆಳಗಾಗುವಷ್ಟರಲ್ಲಿ ಕೆಚ್ಚಲು ಬೊಬ್ಬೆ ಎದ್ದು ಚರ್ಮ ಸುಲಿದಿತ್ತು. ಎಮ್ಮೆ ಕರುವನ್ನೂ ಹತ್ತಿರ ಬಿಡಲಿಲ್ಲ. ಅತ್ತೆ ನೋಡಿದರು. ಓಣಿಯ ಹೆಂಗಸರೂ ಬಂದು ನಿಂತರು.

“ಹ್ಯಾಂಗ ಹಚ್ಚಿದೆವಾ?” ಅತ್ತೆ ಕೇಳಿದರು. ಬೈದು ಕೇಳಲಿಲ್ಲ, ಮೆಲ್ಲಗೇ ಕೇಳಿದರು.

“ಅಂವಾ ಹೇಳಿದಂಗೇ ಹಚ್ಚೀನ್ರಿ ಅತ್ತಿ.”

ಇಷ್ಟೇ. ಅದರ ಮೇಲೆ ನಾನು ಒಂದು ಮಾತೂ ಆಡಲಿಲ್ಲ, ಆಡುವ ಅಗತ್ಯವೂ ಬೀಳಲಿಲ್ಲ. ಉಳಿದದ್ದನ್ನು ಊರೇ ಆಡಿತು. ಎಣ್ಣೆಯಲ್ಲಿ ಏನೋ ಬೆರೆಸಿದ್ದಾನೆ ಅಂದರು, ದೇವರ ಎಮ್ಮೆ ಕೆಡಿಸಿದ ಅಂದರು. ಗೌಡರು ಮರಡಿಯ ಹುಲ್ಲಿಗೆ ಕುಡಗೋಲು ಹಾಕಬೇಡ ಅಂತ ಹೇಳಿ ಕಳಿಸಿದರು. ಕಾಕಾ ನಮ್ಮ ಅಂಗಳಕ್ಕೆ ಬಂದು, ದೂರದಿಂದಲೇ ಎಮ್ಮೆಯ ಕೆಚ್ಚಲು ನೋಡಿದ. ನನ್ನ ಕಡೆ ನೋಡಿದ. ನಾನು ಸೆರಗು ಮುಂದೆ ಎಳೆದುಕೊಂಡೆ. ಅವನು ಏನೂ ಕೇಳದೆ ಹೋದ. ಹಂಡೆ ಹೇರಿಕೊಂಡು ಹೊಳೆ ದಾಟಿ ಜೇವರ್ಗಿ ಕಡೆ ಹೋದ ಅಂತ ಆಮೇಲೆ ಕೇಳಿದೆ.

ಇನ್ನೂ ನಾಚಿಕೆಯ ಮಾತು ಮುಂದಿದೆ. ಸುಟ್ಟ ಚರ್ಮ ಬೆಣ್ಣೆ ಹಚ್ಚಿ ಆರಿತು. ತೊಟ್ಟಿನ ಕೀವು ಆರಲಿಲ್ಲ. ಬಾಟ್ಲಿಯ ತಳದಲ್ಲಿ ಎಣ್ಣೆ ಉಳಿದಿತ್ತು. ಯಾರಿಗೂ ಹೇಳದೆ ಕುಸುಬಿ ಎಣ್ಣೆಯಲ್ಲಿ ಬೆರೆಸಿದೆ, ಬೇವಿನ ನೀರಿನಿಂದ ತೊಳೆದು ಹಚ್ಚಿದೆ — ಅವನು ಹೇಳಿದಂತೆ. ಕೀವು ಬತ್ತಿತು, ಸೀಳು ಕೂಡಿತು, ಎಮ್ಮೆ ತಾನಾಗಿ ಸೊರೆ ಬಿಟ್ಟು ಹಾಲಿಳಿಸಿತು. “ನನ್ನ ಸೊಸಿ ಕೈಗುಣ ನೋಡ್ರಿ” ಅಂತ ಅತ್ತೆ ಓಣಿಗೆಲ್ಲ ಹೇಳಿಕೊಂಡು ಬಂದರು. ಅವತ್ತಿನಿಂದ ಊರಿನಲ್ಲಿ ನನಗೆ ಕೈಗುಣದವಳು ಅಂತ ಹೆಸರು. ಮುಂದಿನ ಮಳೆಗಾಲದಲ್ಲಿ ಎತ್ತುಗಳ ಗೊರಸು ಕೊಳೆತಾಗ ಜನ ನನ್ನ ಬಾಗಿಲಿಗೆ ಬಂದರು. ಬಾಟ್ಲಿ ಖಾಲಿ. ಬರಿಗೈಯಿಂದ ಗೊರಸು ಸವರಿ ಕಳಿಸಿದೆ. ಎತ್ತುಗಳು ಕುಂಟುತ್ತಲೇ ಹೋದವು.

ಹೋದ ಸೋಮವಾರ ಅಫಜಲಪುರದ ಸಂತೆಯಲ್ಲಿ ಕಾಕಾ ಕಂಡ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಮುಂದೆ ಬಾಟ್ಲಿಗಳು, ಪಕ್ಕದಲ್ಲಿ ಬಿಜಾನ್‌ಬಿ. ಒಬ್ಬ ಹೆಣ್ಣುಮಗಳು ಕೇಳುತ್ತಿದ್ದಳು — ಎಮ್ಮಿ ತೊಟ್ಟು ಸೀಳ್ಯಾವ, ಎಣ್ಣಿ ಕೊಡ್ರಿ ಅಂತ. ಕಾಕಾ ತಲೆ ಅಲ್ಲಾಡಿಸಿದ. “ಹೆಗಲಿಗಿ ಒಯ್ಯಿ, ಗೊರಸಿಗಿ ಒಯ್ಯಿ. ಕೆಚ್ಚಲಕ್ಕ ಕೊಡಂಗಿಲ್ಲವಾ. ಒಮ್ಮಿ ಕೊಟ್ಟು ಒಂದು ಜೀವ ಸುಟ್ಟೀನಿ.”

ಅಲ್ಲಿಯ ತನಕ ನಾನು ಅವನ ಅನ್ನ ಕಿತ್ತುಕೊಂಡೆ ಅಂತ ಮಾತ್ರ ತಿಳಿದಿದ್ದೆ. ಅವನ ಕೈಯ ಮೇಲೆ ಅವನಿಗಿದ್ದ ನಂಬಿಕೆಯನ್ನೇ ಕಿತ್ತುಕೊಂಡಿದ್ದೆ. ಇಷ್ಟು ವರ್ಷ ಎಷ್ಟು ಎಮ್ಮೆಗಳು ಹಾಗೇ ನೋವು ತಿಂದುಕೊಂಡು... ಮುಂದೆ ಯೋಚಿಸಲು ಆಗಲಿಲ್ಲ.

ಅವನು ನನ್ನ ಗುರುತು ಹಿಡಿದ. ಮೊದಲು ಕೇಳಿದ್ದು — “ಎಮ್ಮಿ ಹ್ಯಾಂಗದ ಬೇಟಿ?”

ಸಂತೆಯ ನಡುವೆ ಅವನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಎಲ್ಲ ಹೇಳಿದೆ. ಬೆರಕೆ ಬೇಡ ಅಂತ ಬರಿಯ ಎಣ್ಣೆ ಹಚ್ಚಿದ್ದು, ಸುಳ್ಳಾಡಿದ್ದು, ಆಮೇಲೆ ಕದ್ದು ಬೆರೆಸಿದ್ದು, ಎಮ್ಮೆ ಅದರಿಂದಲೇ ಗುಣವಾದದ್ದು.

ಬಿಜಾನ್‌ಬಿ ನನ್ನನ್ನು ನೋಡಿದ ನೋಟ ಇಲ್ಲಿ ಬರೆಯಲಾರೆ.

“ಗುಣ ಆಯ್ತಾ?” ಅಂದ ಕಾಕಾ.

“ಆಯ್ತ್ರಿ ಕಾಕಾ. ಆಮ್ಯಾಗ ಮೂರು ಸೂಲು ಈದದ.”

“ಹಂಗಾದ್ರ ಎಣ್ಣೀದು ತಪ್ಪಿಲ್ಲ,” ಅಂದ — ನನಗಲ್ಲ, ತನಗೇ. ಮಗಳ ಕಡೆ ತಿರುಗಿ, “ಆ ಹೆಣ್ಣುಮಗಳು ದೂರ ಹೋಗಿಲ್ಲ. ಕರಿಯವಾ” ಅಂದ.

ಬಿಜಾನ್‌ಬಿ ಓಡಿದಳು. ಹೆಣ್ಣುಮಗಳು ಬಂದಳು. ಕಾಕಾ ಬಾಟ್ಲಿ ಅವಳ ಕೈಗಿಟ್ಟು, ನನ್ನ ಕಡೆ ಕೈ ಮಾಡಿ, “ಹ್ಯಾಂಗ ಹಚ್ಚಬೇಕು ಈಕಿ ಹೇಳ್ತಾಳ” ಅಂದ. ಕುಸುಬಿ ಎಣ್ಣೆ, ನಾಲ್ಕೈದು ಹನಿ, ಬೇವಿನ ನೀರು — ಹೇಳಿದೆ. ಅವಳು ಬಾಟ್ಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋದಳು.

ಹೊರಡುವಾಗ ಕೇಳಿದೆ, “ಊರಿಗಿ ಬರ್ರಿ ಕಾಕಾ.”

“ನಂಗ ಹೇಳಿದಿ, ಛಲೋ ಆಯ್ತು. ನಿಮ್ಮ ಊರಿಗಿ ಯಾರು ಹೇಳವ್ರು?” ಅಂದ.

ಇವತ್ತು ಮುಂಜಾನೆ ಅತ್ತೆಗೆ ಹೇಳಿದೆ. ಜೋಳ ಹಸನು ಮಾಡುತ್ತಿದ್ದವರು ಮೊರ ಕೆಳಗಿಟ್ಟರು. “ಬೆರಕಿ ಬ್ಯಾಡಂತ ಕಲಿಸಿದಾಕಿ ನಾನೇ ಅಲ್ಲೇನವಾ” ಅಂದರು. ಅವರ ದೊಡ್ಡತನ ಅದು. ಆದರೆ ಅವರು ಕಲಿಸಿದ್ದು ಮೀಸಲು ಕಾಯುವುದನ್ನು, ಸುಳ್ಳನ್ನಲ್ಲ. ಅದು ನನ್ನದೇ.

ಸಂಜೆ ಊರ ಹಿರಿಯರು ಗೌಡರ ಕಟ್ಟೆಗೆ ಕೂಡುತ್ತಾರೆ. ಹೆಂಗಸರು ಅಲ್ಲಿ ನಿಂತು ಮಾತಾಡುವ ರೂಢಿಯಿಲ್ಲ. ಮಾತಾಡುತ್ತೇನೆ. ಮಾತು ತಪ್ಪಿದರೆ ಈ ಕಾಗದ ನೋಡಿ ಓದುತ್ತೇನೆ. ಕೈಗುಣದವಳು ಅನ್ನುವ ಹೆಸರು ಕಟ್ಟೆಯ ಮೇಲೆಯೇ ಬಿಟ್ಟು, ಹುಲ್ಲು ಕೊಯ್ಯಲು ಅವನಿಗೆ ಅಪ್ಪಣೆ ಕೊಡಿ ಅಂತ ಕೇಳುತ್ತೇನೆ. ಆಮೇಲೆ ಅವರು ಏನಂದರೂ ಕೇಳಿಸಿಕೊಳ್ಳುತ್ತೇನೆ.

ಮರಡಿಯ ಹುಲ್ಲು ಈಗಷ್ಟೇ ಕೆಂಪಾಗುತ್ತಿದೆ. ಕೊಯ್ಲಿಗೆ ಇನ್ನೂ ಹೊತ್ತಿದೆ.